ರೆಕ್ಕೆ ಬಂದ ಮೇಲೂ ಜ್ವರ

ಎರಡು ವರ್ಷವಾದರೂ ಆ ಒಂದು ಸಂಜೆ ತಲೆಯಿಂದ ಹೋಗುತ್ತಿಲ್ಲ. ಹಿಮಾಚಲದ ತೀರ್ಥನ್ ಹೊಳೆಯಲ್ಲಿ ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ನಿಂತಿದ್ದೆ. ಅಕ್ಟೋಬರ್ ಮೊದಲ ವಾರ. ನವೆಂಬರ್ 1ರಿಂದ ಫೆಬ್ರವರಿ ಮುಗಿಯುವವರೆಗೆ ಅಲ್ಲಿ ಟ್ರೌಟ್ ಹಿಡಿಯುವ ಹಾಗಿಲ್ಲ, ಅದು ಮೀನು ಮೊಟ್ಟೆ ಇಡುವ ಕಾಲ. ಮಳೆಗಾಲದ ಕೆಸರೆಲ್ಲ ಇಳಿದು ನೀರು ತಿಳಿಯಾಗಿತ್ತು. ತಳದ ಒಂದೊಂದು ಕಲ್ಲೂ ಕಾಣುತ್ತಿತ್ತು. ಬಿಸಿಲು ಬೆಟ್ಟದ ಹಿಂದೆ ಸರಿದ ಸ್ವಲ್ಪ ಹೊತ್ತಿಗೆ ಮೀನುಗಳು ಏಳಲು ಶುರು ಮಾಡಿದವು. ಇಲ್ಲೊಂದು, ಅಲ್ಲೊಂದು, ಆಮೇಲೆ ಹೊಳೆಯ ಅಗಲಕ್ಕೂ. ನೀರಿನ ಮೇಲೆ ಉಂಗುರಗಳು ಒಂದರೊಳಗೊಂದು ಸೇರಿಕೊಂಡು ಹೋಗುತ್ತಿದ್ದವು. ಏನನ್ನೋ ತಿನ್ನುತ್ತಿದ್ದವು, ಅದೂ ಅವಸರದಲ್ಲಿ. ನಾನು ಎಸೆದ ಫ್ಲೈ ಮಾತ್ರ ಆ ಉಂಗುರಗಳ ನಡುವೆಯೇ ಸುಮ್ಮನೆ ತೇಲಿ ಹೋಗುತ್ತಿತ್ತು.

ಫ್ಲೈ ಅಂದರೆ ಹುಳುವಿನ ಗೊಂಬೆ. ಗಾಳದ ಕೊಕ್ಕೆಗೆ ಕೋಳಿ ಗರಿ, ಮೊಲದ ತುಪ್ಪಳ, ನೂಲು ಸುತ್ತಿ ಮಾಡಿರುತ್ತಾರೆ. ಟ್ರೌಟ್ ತಿನ್ನುವುದು ಹೊಳೆಯ ಹುಳುಗಳನ್ನು. ಹಾಗಾಗಿ ಅದನ್ನು ಹಿಡಿಯುವವರು ಮೀನಿಗಿಂತ ಜಾಸ್ತಿ ಹುಳುವನ್ನೇ ಓದಿಕೊಂಡಿರಬೇಕು. ಇದು ನನಗೆ ಗೊತ್ತಿತ್ತು. ತಿಂಗಳುಗಟ್ಟಲೆ ಓದಿಕೊಂಡೇ ಹೋಗಿದ್ದೆ. ಆದರೂ ಒಂದೂವರೆ ಗಂಟೆಯಲ್ಲಿ ಏಳು ಫ್ಲೈ ಬದಲಿಸಿದೆ, ಒಂದು ಮೀನೂ ಮುಟ್ಟಲಿಲ್ಲ. ಒಂದು ಮಾತ್ರ ಹತ್ತಿರ ಬಂತು. ನನ್ನ ಫ್ಲೈ ಕೆಳಗೆ ಒಂದು ಗೇಣು ದೂರ ಅದರ ಜೊತೆಗೇ ತೇಲಿತು, ಮೂತಿ ತಂದು ಇಟ್ಟಿತು, ಆಮೇಲೆ ಹಾಗೇ ಹಿಂದಕ್ಕೆ ಸರಿದು ತಳಕ್ಕೆ ಇಳಿಯಿತು. ನೋಡಿ, ಯೋಚಿಸಿ, ಬೇಡ ಅಂದಿತ್ತು. ನಮ್ಮೂರ ಕೆರೆಯಲ್ಲಿ ಎರೆಹುಳು ಚುಚ್ಚಿ ಗಾಳ ಹಾಕಿ ಬೆಳೆದವನು ನಾನು. ಗೆಂಡೆಯಾಗಲಿ ಜಿಲೇಬಿ ಮೀನಾಗಲಿ ಹಸಿವಾದರೆ ನುಂಗುತ್ತದೆ, ಇಲ್ಲದಿದ್ದರೆ ಇಲ್ಲ. ಹೀಗೆ ಎದುರಿಗೆ ನಿಂತು ಬೇಡ ಅಂದ ಮೀನನ್ನು ನಾನು ಅದುವರೆಗೆ ನೋಡಿರಲಿಲ್ಲ.

ಅದು ಏನನ್ನು ನೋಡಿ ಬೇಡ ಅಂದಿತು ಅನ್ನುವುದು ಆ ಸಂಜೆಯೇ ಅರ್ಧ ಗೊತ್ತಾಯಿತು. ಉಳಿದರ್ಧ ಗೊತ್ತಾಗಿದ್ದು ಶಿಡ್ಲಘಟ್ಟದ ಹತ್ತಿರದ ನಮ್ಮ ಊರಿನಲ್ಲಿ, ಅಮ್ಮ ರೇಷ್ಮೆ ಹುಳು ಸಾಕುವ ಹುಳುಮನೆಯಲ್ಲಿ.

ಕಲ್ಲು ಮಗುಚಿದಾಗ

ನನ್ನ ಜೊತೆ ಬಂದಿದ್ದ ಗೈಡ್ ಆ ಕಣಿವೆಯವರೇ, ಐವತ್ತು ದಾಟಿದವರು. ಅಷ್ಟು ಹೊತ್ತೂ ದಡದಲ್ಲಿ ಕೂತು ನೋಡುತ್ತಿದ್ದವರು ಎದ್ದು ಬಂದರು. ನನ್ನ ಫ್ಲೈ ಡಬ್ಬಿಯ ಕಡೆ ತಿರುಗಿಯೂ ನೋಡಲಿಲ್ಲ. ನೀರಿಗೆ ಕೈ ಹಾಕಿ ತೆಂಗಿನಕಾಯಿ ಗಾತ್ರದ ಒಂದು ಕಲ್ಲು ಎತ್ತಿದರು, ಮಗುಚಿ ನನ್ನ ಮುಖದ ಮುಂದೆ ಹಿಡಿದರು.

ಕಲ್ಲಿನ ಅಡಿ ತುಂಬ ಹುಳು. ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಮೊದಲು ಒದ್ದೆ ಕಲ್ಲಷ್ಟೇ ಕಂಡಿತು. ಆಮೇಲೆ ಕಲ್ಲಿನ ಬಣ್ಣವೇ ಹರಿದಾಡಲು ಶುರುವಾಯಿತು. ಒಂದು ಹುಳು ಏಡಿಯ ಹಾಗೆ ಅಡ್ಡಡ್ಡ ಸರಿಯಿತು. ಬೆರಳಿನಲ್ಲಿ ಒತ್ತಿದ ಹಾಗೆ ಚಪ್ಪಟೆ ಮೈ, ಮೈಗಿಂತ ಅಗಲವಾದ ತಲೆ, ಎರಡು ಉದ್ದ ಬಾಲ. ಮೇಫ್ಲೈ, ಸ್ಟೋನ್‌ಫ್ಲೈ, ಕ್ಯಾಡಿಸ್ ಅಂತ ಹೊಳೆಯ ಹುಳುಗಳಲ್ಲಿ ಮೂರು ಗುಂಪು, ಮರಿಯಾಗಿ ನೀರಿನಲ್ಲಿ ಬೆಳೆದು ಆಮೇಲೆ ರೆಕ್ಕೆ ಬಂದು ಹಾರುವಂಥವು. ನಾನು ಓದಿಕೊಂಡಿದ್ದ ಪಾಠ ನಾಲಿಗೆ ತುದಿಯಲ್ಲೇ ಇತ್ತು. ಮೇಫ್ಲೈ ಮರಿಗೆ ಮೂರು ಬಾಲ, ಸ್ಟೋನ್‌ಫ್ಲೈ ಮರಿಗೆ ಎರಡು, ಕ್ಯಾಡಿಸ್ ಮರಿಗೆ ಬಾಲವೇ ಇಲ್ಲ. ‘ಸ್ಟೋನ್‌ಫ್ಲೈ’ ಅಂದೆ.

ಅವರು ತಲೆ ಅಲ್ಲಾಡಿಸಿದರು. ಹುಳುವನ್ನು ಉಗುರಿನ ಮೇಲೆ ತೆಗೆದುಕೊಂಡು, ಅಂಗೈಯಲ್ಲಿ ಸ್ವಲ್ಪ ನೀರು ತುಂಬಿ ಅದರೊಳಗೆ ಬಿಟ್ಟರು. ಆಗ ಕಂಡಿತು. ಹೊಟ್ಟೆಯ ಎರಡೂ ಪಕ್ಕಕ್ಕೆ ಎಲೆಯ ಹಾಗಿರುವ ಸಣ್ಣ ಸಣ್ಣ ಕಿವಿರುಗಳು ಸಾಲಾಗಿ. ಮೇಫ್ಲೈ ಮರಿಯ ಗುರುತು ಅದು. ಸ್ಟೋನ್‌ಫ್ಲೈಗೆ ಕಿವಿರು ಇದ್ದರೂ ಹೆಚ್ಚಾಗಿ ಕಾಲಿನ ಬುಡದಲ್ಲಿ, ಕಂಕುಳ ಕೂದಲಿನ ಹಾಗೆ ಗೊಂಚಲಾಗಿ ಇರುತ್ತದೆ. ಕಾಲಿನ ತುದಿಯನ್ನೂ ನೋಡಬೇಕು. ಮೇಫ್ಲೈ ಮರಿಗೆ ಒಂದೊಂದು ಕಾಲಿಗೆ ಒಂದೇ ಉಗುರು, ಸ್ಟೋನ್‌ಫ್ಲೈಗೆ ಎರಡೆರಡು. ಬಾಲ ಎಣಿಸುವುದು ಸುಲಭ, ಆದರೆ ಬಾಲ ಮುರಿಯುತ್ತದೆ. ಕೆಲವು ಮೇಫ್ಲೈಗಳಿಗೆ ಹುಟ್ಟಿನಿಂದಲೇ ಇರುವುದು ಎರಡು. ಅವರ ಅಂಗೈಯಲ್ಲಿದ್ದದ್ದು ಅಂಥದ್ದೇ, ಎಪಿಯೋರಸ್ ಅನ್ನುವ ಗುಂಪಿನದು. ಆ ಹೆಸರನ್ನು ನಾನು ಆಮೇಲೆ ಹುಡುಕಿಕೊಂಡೆ. ಅವರು ಯಾವ ಹೆಸರನ್ನೂ ಹೇಳಲಿಲ್ಲ.

ಹೆಸರಿನ ಬದಲು ಅವರು ತೋರಿಸಿದ್ದು ಅದರ ಬೆನ್ನು. ಮರಿಯ ಬೆನ್ನ ಮೇಲೆ ಮುಂದೆ ರೆಕ್ಕೆಯಾಗುವ ಎರಡು ಪುಟ್ಟ ಚೀಲ ಇರುತ್ತವೆ. ಬೇರೆ ಮರಿಗಳಲ್ಲಿ ಅವು ಮೈ ಬಣ್ಣದಲ್ಲೇ ಇದ್ದವು. ಇದರಲ್ಲಿ ಕಪ್ಪು ಎಳ್ಳಿನ ಹಾಗೆ ಕಪ್ಪಗಾಗಿದ್ದವು. ‘ಇದು ಇವತ್ತು ಹಾರುತ್ತೆ’ ಅಂದರು ಹಿಂದಿಯಲ್ಲಿ. ಆಮೇಲೆ ಮೀನು ಏಳುತ್ತಿದ್ದ ಕಡೆ ಕೈ ತೋರಿಸಿದರು. ‘ಬಾಯಿ ಕಾಣುತ್ತಾ ನೋಡಿ.’

ನೋಡಿದೆ. ಬಾಯಿ ಕಾಣಲಿಲ್ಲ. ಬೆನ್ನು ಕಾಣುತ್ತಿತ್ತು, ಆಮೇಲೆ ಬಾಲ. ಮೇಲೆ ತೇಲುವ ಹುಳುವನ್ನು ತಿಂದ ಮೀನು ಅದರ ಜೊತೆ ಗಾಳಿಯನ್ನೂ ನುಂಗುತ್ತದೆ, ಅದಕ್ಕೆ ಉಂಗುರದ ನಡುವೆ ಒಂದು ಗುಳ್ಳೆ ಉಳಿಯುತ್ತದೆ. ಇಲ್ಲಿ ಗುಳ್ಳೆಯೇ ಇರಲಿಲ್ಲ. ಮೀನುಗಳು ತಿನ್ನುತ್ತಿದ್ದದ್ದು ನೀರಿನ ಮೇಲಲ್ಲ, ನಾಲ್ಕು ಬೆರಳು ಕೆಳಗೆ. ಎಷ್ಟೋ ಮೇಫ್ಲೈಗಳು ನೀರಿನ ಮೇಲಕ್ಕೆ ಈಜಿ ಬಂದು, ಅಲ್ಲಿ ಚರ್ಮ ಬಿಟ್ಟು ಹಾರುತ್ತವೆ. ಎಪಿಯೋರಸ್ ಗುಂಪಿನವು ಬಹುಮಟ್ಟಿಗೆ ತಳದ ಕಲ್ಲಿನ ಮೇಲೇ ಚರ್ಮ ಬಿಟ್ಟು, ರೆಕ್ಕೆ ಹೊತ್ತುಕೊಂಡೇ ಮೇಲೇಳುತ್ತವೆ. ಆ ದಾರಿಯಲ್ಲೇ ಮೀನು ಕಾದಿರುತ್ತದೆ. ನಾನು ಎಸೆಯುತ್ತಿದ್ದದ್ದು ಆಗಲೇ ಮೇಲೆ ಬಂದು ರೆಕ್ಕೆ ಒಣಗಿಸಿಕೊಂಡು ಕೂತ ಹುಳುವಿನ ಗೊಂಬೆ. ಹುಳು ಅದೇ ಇರಬಹುದು, ಬಣ್ಣವೂ ಗಾತ್ರವೂ ಸರಿ ಇರಬಹುದು. ಹೊತ್ತು ಮಾತ್ರ ಬೇರೆ.

ಅವರು ನನ್ನ ಫ್ಲೈಯನ್ನು ನೀರಿನಲ್ಲಿ ಅದ್ದಿ ಬೆರಳಿನಿಂದ ಹಿಂಡಿದರು. ಮೇಲೆ ನಿಮಿರಿದ್ದ ಗರಿಯನ್ನು ಉಗುರಿನಿಂದ ಹಿಂದಕ್ಕೆ ಒತ್ತಿ, ಮುಳುಗುವ ಹಾಗೆ ಮಾಡಿ ಕೊಟ್ಟರು. ಮೂರನೇ ಎಸೆತಕ್ಕೆ ದಾರ ಬಿಗಿಯಾಯಿತು. ಒಂದು ಗೇಣಿನ ಬ್ರೌನ್ ಟ್ರೌಟ್. ಪಕ್ಕದಲ್ಲಿ ಕೆಂಪು ಚುಕ್ಕೆ, ಚುಕ್ಕೆಯ ಸುತ್ತ ತಿಳಿ ಬಣ್ಣದ ಬಳೆ. ಕೈಗೆ ಐಸ್ ಮುಟ್ಟಿದ ಹಾಗಿತ್ತು. ನೀರಿನೊಳಗೇ ಕೊಕ್ಕೆ ಬಿಡಿಸಿ ಬಿಟ್ಟೆ. ಅದು ಹೋದ ಮೇಲೂ ನಾನು ಅಲ್ಲೇ ಬಗ್ಗಿ ನಿಂತಿದ್ದೆ.

ಹುಳುಮನೆಯ ಕಣ್ಣು

ಊರಿಗೆ ಬಂದ ಮೇಲೆ ಅಮ್ಮನಿಗೆ ಮೊಬೈಲಿನಲ್ಲಿ ಫೋಟೋ ತೋರಿಸಿದೆ. ಬೆಟ್ಟ, ಹಿಮ, ಹೊಳೆ ಎಲ್ಲವನ್ನೂ ಬೇಗ ಬೇಗ ಸರಿಸಿದರು. ಆ ಹುಳುವಿನ ಫೋಟೋ ಬಂದಾಗ ನಿಂತರು. ಎರಡು ಬೆರಳಿನಲ್ಲಿ ದೊಡ್ಡದು ಮಾಡಿದರು. ಕನ್ನಡಕ ಹಣೆಗೇರಿಸಿ ಮೊಬೈಲನ್ನು ಕಣ್ಣಿಗೆ ಹತ್ತಿರ ತಂದರು.

‘ಇದು ಹಣ್ಣಾಗಿದೆ ಕಣೋ’ ಅಂದರು.

ನಾನು ಏನೂ ಹೇಳಿರಲಿಲ್ಲ. ಕಪ್ಪು ಚೀಲದ ವಿಷಯ, ಇವತ್ತು ಹಾರುತ್ತೆ ಅಂದದ್ದು, ಯಾವುದನ್ನೂ. ಮೇಫ್ಲೈ ಅನ್ನುವ ಪದವನ್ನೇ ಅಮ್ಮ ಕೇಳಿರಲಿಲ್ಲ. ಹೇಗೆ ಗೊತ್ತಾಯಿತು ಅಂದರೆ, ‘ಮೈ ನೋಡಿದ್ರೆ ಗೊತ್ತಾಗಲ್ವಾ? ತುಂಬ್ಕೊಂಡಿದೆ. ಇನ್ನು ಇದು ತಿನ್ನಲ್ಲ’ ಅಂದರು.

ರೇಷ್ಮೆ ಮಾಡುವ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾಲ್ಕನೇ ಜ್ವರ ಎದ್ದ ಮೇಲೆ ಹುಳು ಏಳೆಂಟು ದಿನ ಬಿಡದೆ ಸೊಪ್ಪು ಮೇಯುತ್ತದೆ. ಒಂದು ದಿನ ಮೇಯುವುದನ್ನು ನಿಲ್ಲಿಸಿ ತಲೆ ಎತ್ತಿ ಅತ್ತಿತ್ತ ಆಡಿಸಲು ಶುರು ಮಾಡುತ್ತದೆ. ಮೈ ಸ್ವಲ್ಪ ಕುಗ್ಗಿ, ಬೆಳಕಿಗೆ ಹಿಡಿದರೆ ಒಳಗೆ ದೀಪ ಇಟ್ಟ ಹಾಗೆ ಕಾಣುತ್ತದೆ. ಅದು ಹಣ್ಣು ಹುಳು. ಅದನ್ನು ಆಗಲೇ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟಿಗೆ, ಬಿಡಬೇಕು. ನಾಲ್ಕು ಗಂಟೆ ತಡವಾದರೆ ಹಾಸಿಗೆಯಲ್ಲೇ ನೂಲು ಬಿಟ್ಟು ಹಾಳು ಮಾಡಿಕೊಳ್ಳುತ್ತದೆ. ಬೇಗ ಆರಿಸಿದರೆ ಗೂಡು ತೆಳು. ಸಾವಿರಾರು ಹುಳುಗಳ ನಡುವೆ ಹಣ್ಣಾದವನ್ನು ಮಾತ್ರ ಆರಿಸುವ ಅಮ್ಮನ ಕೈ ನೋಡಿದರೆ ಅವು ಹೇಳಿಕೊಂಡು ಕರೆಯುತ್ತಿವೆಯೇನೋ ಅನ್ನಿಸುತ್ತದೆ. ನಾನು ಚಿಕ್ಕವನಿದ್ದಾಗ ಆರಿಸಿದ್ದರಲ್ಲಿ ಅರ್ಧವನ್ನು ಅಮ್ಮ ವಾಪಸ್ ಹಾಸಿಗೆಗೆ ಹಾಕುತ್ತಿದ್ದರು.

ಜ್ವರ ಅಂದರೆ ಕಾಯಿಲೆ ಅಲ್ಲ, ಪೊರೆ ಬಿಡುವುದು. ಊರ ಕಡೆ ಎಲ್ಲರೂ ಹೇಳುವುದೇ ಹಾಗೆ. ಹುಳು ಜ್ವರಕ್ಕೆ ಕೂತರೆ ಸೊಪ್ಪು ಹಾಕುವುದಿಲ್ಲ, ಮೇಲೆ ಸುಣ್ಣದ ಪುಡಿ ಉದುರಿಸಿ ಹಾಸಿಗೆ ಒಣಗಿಸುತ್ತಾರೆ, ಮನೆಯಲ್ಲಿ ಮಾತೂ ಕಡಿಮೆ. ಒಂದು ಹಗಲು ಒಂದು ರಾತ್ರಿ ತಲೆ ಎತ್ತಿಕೊಂಡು ಅಲ್ಲಾಡದೆ ಕೂತಿರುತ್ತದೆ. ಆಮೇಲೆ ತಲೆಯ ಹತ್ತಿರ ಚರ್ಮ ಬಿರಿದು, ಹೊಸ ಹುಳು ಹಳೆಯದರಿಂದ ನಡೆದು ಹೊರಗೆ ಬರುತ್ತದೆ. ಹೀಗೆ ನಾಲ್ಕು ಸಲ.

ತೀರ್ಥನ್‌ನ ಗೈಡ್ ಕಲ್ಲು ಮಗುಚಿ ನೋಡಿದ್ದೂ, ಅಮ್ಮ ತಟ್ಟೆ ಎಳೆದು ನೋಡುವುದೂ ಒಂದೇ ನೋಟ ಅಂತ ನನಗೆ ಅವತ್ತು ಹೊಳೆಯಿತು. ಇದು ಯಾವ ಹುಳು ಅಂತ ಇಬ್ಬರೂ ಕೇಳಿಕೊಳ್ಳುವುದಿಲ್ಲ. ಇದು ಈಗ ಎಲ್ಲಿದೆ, ಮುಂದೆ ಏನು ಮಾಡಲಿದೆ ಅಂತ ಕೇಳಿಕೊಳ್ಳುತ್ತಾರೆ. ನಾನು ತಿಂಗಳುಗಟ್ಟಲೆ ಓದಿದ್ದು ಹೆಸರುಗಳನ್ನು. ಹೆಸರು ಬೇಡ ಅಂತಲ್ಲ, ಹೆಸರಿಲ್ಲದೆ ನಾನು ಎಪಿಯೋರಸ್ ತಳದಲ್ಲೇ ರೆಕ್ಕೆ ಬಿಡಿಸುತ್ತದೆ ಅನ್ನುವುದನ್ನು ಹುಡುಕಿಕೊಳ್ಳಲು ಆಗುತ್ತಿರಲಿಲ್ಲ. ಆದರೆ ಟ್ರೌಟ್‌ಗೆ ಹೆಸರು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಈ ಹೊತ್ತಿನಲ್ಲಿ ಯಾವುದು ಸುಲಭವಾಗಿ ಬಾಯಿಗೆ ಸಿಗುತ್ತದೆ ಅನ್ನುವುದು.

ಅದಕ್ಕೇ ನಾಲ್ಕೈದು ಗುಂಪುಗಳನ್ನು ಗುರುತಿಸಲು ಬಂದರೆ ಮೀನು ಹಿಡಿಯುವವರಿಗೆ ಶುರುವಿಗೆ ಸಾಕು, ಆದರೆ ಅವುಗಳ ದಾರಿ ಗೊತ್ತಿರಬೇಕು. ಸ್ಟೋನ್‌ಫ್ಲೈ ಹೆಚ್ಚಾಗಿ ಈಜಿ ಮೇಲೆ ಬರುವುದಿಲ್ಲ, ದಡದ ಕಲ್ಲಿಗೆ ತೆವಳಿ ಹೋಗಿ ಅಲ್ಲಿ ಚರ್ಮ ಬಿಡುತ್ತದೆ. ಹೊಳೆಯ ನಡುವಿನ ಬಂಡೆಗಳ ಮೇಲೆ ಬೆನ್ನು ಸೀಳಿದ ಒಣ ಚರ್ಮಗಳು ಅಂಟಿಕೊಂಡಿದ್ದರೆ ಅದೇ. ಆ ದಿನಗಳಲ್ಲಿ ಮೀನು ದಡದ ಹತ್ತಿರ ಇರುತ್ತದೆ. ಹಾರುವ ಹುಳುಗಳನ್ನಂತೂ ರೆಕ್ಕೆ ಮಡಿಸುವ ರೀತಿಯಲ್ಲೇ ಹತ್ತಡಿ ದೂರದಿಂದ ಹೇಳಬಹುದು. ಮೇಫ್ಲೈ ರೆಕ್ಕೆಯನ್ನು ದೋಣಿಯ ಹಾಯಿಯ ಹಾಗೆ ನೆಟ್ಟಗೆ ಎತ್ತಿ ಹಿಡಿಯುತ್ತದೆ. ಸ್ಟೋನ್‌ಫ್ಲೈ ಬೆನ್ನ ಮೇಲೆ ಚಪ್ಪಟೆಯಾಗಿ ಒಂದರ ಮೇಲೊಂದು ಇಡುತ್ತದೆ. ಕ್ಯಾಡಿಸ್ ಮನೆಯ ಹೆಂಚಿನ ಮಾಡಿನ ಹಾಗೆ ಎರಡು ಕಡೆಗೂ ಇಳಿಸುತ್ತದೆ. ಚಿರೊನೊಮಿಡ್ ಅನ್ನುವ ಸಣ್ಣ ನೊಣಗಳು ನೋಡಲು ಸೊಳ್ಳೆಯ ಹಾಗೇ ಇರುತ್ತವೆ, ಕಚ್ಚುವುದಿಲ್ಲ. ಅವು ಮೋಡದ ಹಾಗೆ ಗುಂಪು ಕಟ್ಟಿಕೊಂಡು ಏಳುತ್ತವೆ. ಸಂಜೆ ನಮ್ಮ ಕೆರೆ ಏರಿಯ ಮೇಲೆ ಬೈಕಿನಲ್ಲಿ ಹೋದರೆ ಕಣ್ಣಿಗೂ ಬಾಯಿಗೂ ನುಗ್ಗುವುದು ಎಷ್ಟೋ ಸಲ ಇವೇ.

ನೀರಿನೊಳಗಿನ ನೂಲು

ಕ್ಯಾಡಿಸ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಅಮ್ಮನಿಗೆ ತುಂಬ ಇಷ್ಟವಾಗಿದ್ದು ಅದು.

ಅದೇ ಕಲ್ಲಿನ ಮೇಲೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಒಂದು ಕೊಳವೆ ಅಂಟಿಕೊಂಡಿತ್ತು. ಮರಳಿನ ಕಣಗಳನ್ನೇ ಒಂದಕ್ಕೊಂದು ಜೋಡಿಸಿ ಕಟ್ಟಿದ್ದು. ಒಂದು ತುದಿಯಿಂದ ಹುಳುವಿನ ತಲೆಯೂ ಆರು ಕಾಲೂ ಹೊರಗೆ ಬಂದವು, ಕಲ್ಲನ್ನು ಹಿಡಿದವು, ಕೊಳವೆಯನ್ನು ಎಳೆದುಕೊಂಡು ಮುಂದೆ ಹೋದವು. ಈ ಕಣಗಳನ್ನು ಅಂಟಿಸಿರುವುದು ರೇಷ್ಮೆ. ರೇಷ್ಮೆ ಹುಳುವಿಗೆ ಬಾಯಿಯ ಕೆಳಗೆ ನೂಲು ಬಿಡುವ ಸಣ್ಣ ತೂತು ಇರುವ ಹಾಗೇ ಇದಕ್ಕೂ ಇದೆ. ಇದರ ನೂಲು ನೀರಿನೊಳಗೇ ಅಂಟುತ್ತದೆ. ಹೋಲಿಕೆ ಇಷ್ಟಕ್ಕೇ ನಿಲ್ಲುವುದಿಲ್ಲ. ಚಿಟ್ಟೆ ಪತಂಗಗಳ ಕುಲಕ್ಕೆ ತೀರಾ ಹತ್ತಿರದ ನೆಂಟರು ಕ್ಯಾಡಿಸ್ ಹುಳುಗಳೇ. ಪತಂಗದ ರೆಕ್ಕೆಗೆ ಪುಡಿ, ಇದರ ರೆಕ್ಕೆಗೆ ಕೂದಲು, ನೋಡಲು ಅಷ್ಟೇ ವ್ಯತ್ಯಾಸ. ಒಬ್ಬರು ಹಿಪ್ಪುನೇರಳೆ ಎಲೆಗೆ ಹೋದರು, ಇನ್ನೊಬ್ಬರು ಹೊಳೆಯಲ್ಲಿ ಉಳಿದರು.

ಬೆಳೆದ ಕ್ಯಾಡಿಸ್ ಹುಳು ತನ್ನ ಕೊಳವೆಯನ್ನು ಕಲ್ಲಿಗೆ ಬಿಗಿದು, ಎರಡೂ ತುದಿ ಮುಚ್ಚಿಕೊಂಡು ಒಳಗೆ ಕೋಶವಾಗುತ್ತದೆ. ಅಮ್ಮನಿಗೆ ಮುಚ್ಚಿದ ಕೊಳವೆಯ ಫೋಟೋ ತೋರಿಸಿದಾಗ, ‘ಗೂಡು ಕಟ್ಟಿದೆ. ಎಷ್ಟು ದಿನಕ್ಕೆ ಚಿಟ್ಟೆ ಬರುತ್ತೆ?’ ಅಂತಲೇ ಕೇಳಿದರು. ಕೆಲವು ವಾರ ಅಂದೆ. ಹೊತ್ತು ಬಂದಾಗ ಅದು ಗೂಡನ್ನು ಕತ್ತರಿಸಿಕೊಂಡು ಹೊರಬಂದು ನೀರಿನ ಮೇಲಕ್ಕೆ ಈಜುತ್ತದೆ. ಟ್ರೌಟ್ ಅದರ ಹಿಂದೆಯೇ ಏಳುತ್ತದೆ, ಆ ರಭಸಕ್ಕೆ ನೀರು ಚಿಮ್ಮುತ್ತದೆ. ಹಾಗಾಗಿ ಮೀನು ಎಷ್ಟು ಜೋರಾಗಿ ಏಳುತ್ತದೆ ಅನ್ನುವುದರಲ್ಲೂ ಹುಳುವಿನ ಸುಳಿವು ಸಿಗುತ್ತದೆ.

ಇನ್ನೊಂದು ವಿಷಯ ಹೇಳಿದಾಗ ಮಾತ್ರ ಅಮ್ಮ ಸುಮ್ಮನಾದರು. ನೈಲಾನ್ ಬರುವುದಕ್ಕೆ ಮೊದಲು ಫ್ಲೈಗೆ ಕಟ್ಟುವ ಕಾಣದಂಥ ಸಣ್ಣ ದಾರ ಬರುತ್ತಿದ್ದದ್ದು ರೇಷ್ಮೆ ಹುಳುವಿನಿಂದಲೇ. ಸ್ಪೇನಿನ ಮುರ್ಸಿಯಾ ಕಡೆ ಹಣ್ಣು ಹುಳುವನ್ನು ವಿನೆಗರ್‌ನಲ್ಲಿ ನೆನೆಸಿ, ಒಳಗಿನ ನೂಲಿನ ಚೀಲವನ್ನು ಎಳೆದು ಉದ್ದ ಮಾಡಿ ಒಣಗಿಸುತ್ತಿದ್ದರು. ಅದನ್ನು ಗಟ್ ಅನ್ನುತ್ತಿದ್ದರು. 1938ರಲ್ಲಿ ನೈಲಾನ್ ಹೊರಬಂದ ಮೇಲೆ ಆ ಕಸುಬು ನಿಂತೇ ಹೋಯಿತು. ಅಮ್ಮ ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, ‘ಗೂಡು ಕಟ್ಟೋಕೂ ಬಿಡ್ತಿರಲಿಲ್ವಾ?’ ನಾವೂ ಗೂಡನ್ನು ಬೇಯಿಸಲು ಕೊಡುವವರೇ. ಅದು ಅಮ್ಮನಿಗೆ ಗೊತ್ತು. ಆದರೆ ಹಣ್ಣಾದ ಹುಳು ತಲೆ ಎತ್ತಿ ಜಾಗ ಹುಡುಕುವಾಗ ಅದಕ್ಕೆ ಚಂದ್ರಿಕೆ ಕೊಡದೆ ಇರುವುದು ಅವರಿಗೆ ಯೋಚಿಸಲೂ ಆಗದ ವಿಷಯ.

ನಮ್ಮ ಹಳ್ಳದಲ್ಲಿ

ನಮ್ಮ ಕಡೆ ಟ್ರೌಟ್ ಇಲ್ಲ. ಅದು ತಣ್ಣೀರಿನ ಮೀನು. ಕಾಶ್ಮೀರಕ್ಕೆ 1900ರ ಸುಮಾರಿಗೆ ಸ್ಕಾಟ್ಲೆಂಡಿನಿಂದ ಮೊಟ್ಟೆ ತಂದು ಬಿಟ್ಟರು. ಹಿಮಾಚಲಕ್ಕೆ, ನೀಲಗಿರಿಗೆ, ಮುನ್ನಾರಿಗೆಲ್ಲ ಅದು ಮನುಷ್ಯರ ಕೈಯಿಂದಲೇ ಹೋಗಿದ್ದು. ನೀರು 20 ಡಿಗ್ರಿ ದಾಟಿದರೆ ಅದಕ್ಕೆ ಉಸಿರು ಕಷ್ಟ. ನಮ್ಮ ಚಿಕ್ಕಬಳ್ಳಾಪುರದ ಹಳ್ಳಗಳು ಮೊದಲಿಗೆ ವರ್ಷವಿಡೀ ಹರಿಯುವುದೇ ಇಲ್ಲ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ ಮೂರೂ ನಂದಿ ಬೆಟ್ಟದ ಸಾಲಿನಲ್ಲೇ ಹುಟ್ಟುತ್ತವೆ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಆದರೆ ಆ ಪಾಠ ಓದುವಾಗ ನಾನು ಆ ಹೊಳೆಗಳಲ್ಲಿ ನೋಡಿದ್ದು ಮರಳು ಮಾತ್ರ.

ಆದರೆ ಒಳ್ಳೆ ಮಳೆಯಾದ ವರ್ಷ ಬೆಟ್ಟದ ಬುಡದಲ್ಲಿ ಹಳ್ಳ ಹರಿಯುತ್ತದೆ. 2021ರ ಮಳೆಗೆ ಕೆರೆಗಳು ಕೋಡಿ ಬಿದ್ದದ್ದು ಎಲ್ಲರಿಗೂ ನೆನಪಿರಬೇಕು, ಎಷ್ಟೋ ವರ್ಷ ಒಣಗಿದ್ದ ಕೆರೆಗಳ ಕೋಡಿ ನೋಡಲು ಊರಿಗೆ ಊರೇ ಹೋಗಿತ್ತು. ಕಳೆದ ಮಳೆಗಾಲದ ಕೊನೆಗೆ ನಾನೂ ಅಮ್ಮನೂ ಬೆಟ್ಟದ ಬುಡದ ಒಂದು ಹಳ್ಳಕ್ಕೆ ಹೋದೆವು. ನಾನು ಕಲ್ಲು ಎತ್ತಿದೆ, ಅಮ್ಮ ಸ್ಟೀಲ್ ತಟ್ಟೆ ಹಿಡಿದರು.

ಏನೂ ಇರುವುದಿಲ್ಲ ಅಂದುಕೊಂಡಿದ್ದೆ. ಇದ್ದವು. ಸ್ಟೋನ್‌ಫ್ಲೈ ಎಷ್ಟು ಹುಡುಕಿದರೂ ಸಿಗಲಿಲ್ಲ. ಆದರೆ ಎರಡು ಕಲ್ಲಿನ ಸಂದಿಯಲ್ಲಿ ಹರಿಯುವ ನೀರಿಗೆ ಅಡ್ಡವಾಗಿ, ಕಾಫಿ ಸೋಸುವ ಜಾಲರಿಯ ಹಾಗೆ, ಬೆರಳುಗುರಿನಷ್ಟು ಅಗಲದ ಬಲೆ. ಅದರ ಪಕ್ಕದಲ್ಲೇ ಹುಳು. ಇದೂ ಕ್ಯಾಡಿಸ್ಸೇ, ಕೊಳವೆ ಕಟ್ಟದೆ ಬಲೆ ನೇಯ್ದು ಹರಿದು ಬಂದದ್ದನ್ನು ತಿನ್ನುವ ಜಾತಿ. ಅಮ್ಮ ಆ ಬಲೆಯನ್ನು ಮುಟ್ಟಲು ಬಿಡಲಿಲ್ಲ. ‘ಎಷ್ಟು ಸಮ ನೇಯ್ದಿದೆ ನೋಡು’ ಅಂದರು. ಕಲ್ಲನ್ನು ಇದ್ದ ಹಾಗೇ, ಬಲೆಯ ಬಾಯಿ ನೀರಿನ ಕಡೆ ಇರುವ ಹಾಗೆ ಅವರೇ ವಾಪಸ್ ಇಟ್ಟರು. ಏರೋಪ್ಲೇನ್ ಚಿಟ್ಟೆಯ ಮರಿಯೂ ಸಿಕ್ಕಿತು, ಕೆಳದವಡೆಯನ್ನು ಕೈಯ ಹಾಗೆ ಚಾಚಿ ಬೇಟೆ ಹಿಡಿಯುವಂಥದ್ದು. ಆಮೇಲೆ ತಟ್ಟೆಯ ನೀರಿನಲ್ಲಿ ಸಣ್ಣ ಮೀನಿನ ಮರಿಯ ಹಾಗೆ ಚಿಮ್ಮಿ ಚಿಮ್ಮಿ ಹೋಗುವ ಬೂದು ಹುಳುಗಳು. ಹೊಟ್ಟೆಯ ಪಕ್ಕಕ್ಕೆ ಕಿವಿರು, ಹಿಂದೆ ಮೂರು ಬಾಲ. ಮೇಫ್ಲೈ! ಬೀಟಿಡ್ ಅನ್ನುವ ಕುಟುಂಬದ್ದು. ತೀರ್ಥನ್ ಎಲ್ಲಿ, ನಮ್ಮ ಈ ಹಳ್ಳ ಎಲ್ಲಿ. ನನಗೆ ಕೂಗಬೇಕು ಅನ್ನಿಸಿತು. ಬೆಚ್ಚಗಿನ ನೀರಿನಲ್ಲಿ ಇವು ಕೆಲವೇ ವಾರದಲ್ಲಿ ಬೆಳೆದು ಮುಗಿಸುತ್ತವೆ, ವರ್ಷಕ್ಕೆ ಹಲವು ಬೆಳೆ. ವರ್ಷಕ್ಕೆ ಎರಡು ಬೆಳೆಯದು ಬೈವೋಲ್ಟೀನ್, ಹಲವು ಬೆಳೆಯದು ಮಲ್ಟಿವೋಲ್ಟೀನ್ ಅಂತ ನಮ್ಮ ಗೂಡಿನ ಮಾರುಕಟ್ಟೆಯಲ್ಲಿ ದಿನವೂ ಕೇಳುವ ಪದಗಳನ್ನೇ ಈ ಹುಳುಗಳಿಗೂ ಬಳಸುತ್ತಾರೆ.

ಈ ಹುಳುಗಳಿಂದ ಮೀನು ಹಿಡಿಯುವವರಿಗಷ್ಟೇ ಉಪಯೋಗ ಅಂತ ಯಾರೂ ಅಂದುಕೊಳ್ಳಬಾರದು. ನೀರು ಹೇಗಿದೆ ಅಂತ ಇವುಗಳಿಂದಲೇ ಅಳೆಯುತ್ತಾರೆ. ಬ್ರಿಟನ್‌ನಲ್ಲಿ ಶುರುವಾದ ಒಂದು ಲೆಕ್ಕದಲ್ಲಿ ಸ್ಟೋನ್‌ಫ್ಲೈ ಕುಟುಂಬಗಳಲ್ಲಿ ಹೆಚ್ಚಿನವಕ್ಕೆ 10 ಅಂಕ. ಎಪಿಯೋರಸ್‌ನ ಕುಟುಂಬಕ್ಕೂ 10. ಬಲೆ ಕಟ್ಟುವ ಕ್ಯಾಡಿಸ್‌ಗೆ 5, ಬೀಟಿಡ್‌ಗೆ 4, ಚಿರೊನೊಮಿಡ್‌ಗೆ 2, ಎರೆಹುಳುವಿನ ನೆಂಟರಿಗೆ 1. ಕೊಳೆ ಜಾಸ್ತಿಯಾದರೆ, ನೀರಿನಲ್ಲಿ ಗಾಳಿ ಕಡಿಮೆಯಾದರೆ 10ರವು ಮೊದಲು ಹೋಗುತ್ತವೆ. ಚಿರೊನೊಮಿಡ್ ಮರಿಗಳಲ್ಲಿ ಕೆಲವಕ್ಕೆ ನಮ್ಮ ರಕ್ತದ ಹಾಗೆ ಹಿಮೋಗ್ಲೋಬಿನ್ ಇದೆ. ಅದಕ್ಕೇ ಕೆಂಪು, ಅದಕ್ಕೇ ಗಾಳಿ ಇಲ್ಲದ ಕೆಸರಿನಲ್ಲೂ ಬದುಕುತ್ತವೆ. ನಮ್ಮೂರ ಕೆರೆಯ ಕೆಸರು ಎತ್ತಿ ನೋಡಿದಾಗ ಸಿಕ್ಕಿದ್ದು ಬರೀ ಇವೇ. ಬೆಂಗಳೂರಿನಿಂದ ಸಂಸ್ಕರಿಸಿದ ನೀರು ಕೋಲಾರ, ಚಿಕ್ಕಬಳ್ಳಾಪುರ ಎರಡೂ ಜಿಲ್ಲೆಗಳ ಕೆರೆಗಳಿಗೆ ಬರುತ್ತಿರುವ ಈ ಕಾಲದಲ್ಲಿ, ಲ್ಯಾಬಿನ ವರದಿಯ ಜೊತೆಗೆ ಪ್ರತಿ ಊರಿನಲ್ಲೂ ಯಾರಾದರೂ ಕಲ್ಲು ಮಗುಚಿ ನೋಡುತ್ತಿರಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಅದಕ್ಕೆ ಒಂದು ತಟ್ಟೆ ಸಾಕು.

ವಿಷದ ವಿಷಯದಲ್ಲಂತೂ ರೇಷ್ಮೆಯವರಿಗೆ ಹೊಸದಾಗಿ ಹೇಳಬೇಕಾದ್ದು ಏನೂ ಇಲ್ಲ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಪಕ್ಕದ ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆದರು. ಗಾಳಿ ನಮ್ಮ ಕಡೆ ಇತ್ತು. ಗೊತ್ತಾಗದೆ ಆ ಸೊಪ್ಪನ್ನೇ ಕೊಯ್ದು ಹಾಕಿದೆವು. ಸಂಜೆಯ ಹೊತ್ತಿಗೆ ಹುಳುಗಳು ತಲೆ ಒದರುತ್ತಾ, ಹಸಿರು ನೀರು ಕಕ್ಕುತ್ತಾ ಇದ್ದವು. ಮೂರನೇ ಜ್ವರ ಎದ್ದಿದ್ದ ಬೆಳೆ, ಪೂರ್ತಿ ಹೋಯಿತು. ಅಮ್ಮ ಅವನ್ನು ಗುಂಡಿಗೆ ಹಾಕಿ ಮಣ್ಣು ಮುಚ್ಚಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಆ ಔಷಧಿಯೇ ಮಳೆಗೆ ಕೊಚ್ಚಿಕೊಂಡು ಹಳ್ಳಕ್ಕೆ ಹೋದಾಗ ಕಲ್ಲಿನಡಿಯಲ್ಲೂ ಇದೇ ಆಗುತ್ತದೆ. ಮೇಫ್ಲೈ ಮರಿಗಳಿಗೆ ಇಂಥ ಔಷಧಿಗಳು ತುಂಬ ಸಣ್ಣ ಪ್ರಮಾಣದಲ್ಲೇ ಮಾರಕ. ಅಲ್ಲಿ ಮಣ್ಣು ಮುಚ್ಚಲು ಯಾರೂ ಇರುವುದಿಲ್ಲ, ಅಷ್ಟೇ.

ಬೇಸಿನ್ನು, ಊಜಿ ಬಲೆ

ಮೇಫ್ಲೈ ಬಗ್ಗೆ ಒಂದು ವಿಷಯವನ್ನು ಅಮ್ಮ ಮೊದಲಿನಿಂದಲೂ ನಂಬಿರಲಿಲ್ಲ. ನೀರಿನಿಂದ ಹಾರಿದ ಮೇಫ್ಲೈ ಇನ್ನೂ ಪೂರ್ತಿಯಾಗಿರುವುದಿಲ್ಲ. ರೆಕ್ಕೆ ಮಂಕಾಗಿ, ಹೊಗೆ ಹಿಡಿದ ಲಾಟೀನು ಗಾಜಿನ ಹಾಗೆ ಇರುತ್ತದೆ. ಮೀನು ಹಿಡಿಯುವವರು ಇದನ್ನು ಡನ್ ಅನ್ನುತ್ತಾರೆ. ಎಲ್ಲೋ ಕೂತು ಇನ್ನೊಂದು ಸಲ ಚರ್ಮ ಬಿಟ್ಟ ಮೇಲೆ ರೆಕ್ಕೆ ಗಾಜಿನ ಹಾಗೆ ಹೊಳೆಯುತ್ತದೆ, ಆಗ ಅದು ಸ್ಪಿನ್ನರ್. ಎರಡಕ್ಕೂ ಬೇರೆ ಬೇರೆ ಫ್ಲೈ ಬೇಕು. ಹಾರಲು ಬರುವ ರೆಕ್ಕೆ ಬಂದ ಮೇಲೂ ಪೊರೆ ಬಿಡುವ ಹುಳು ಈಗ ಭೂಮಿಯ ಮೇಲೆ ಇದೊಂದೇ.

‘ರೆಕ್ಕೆ ಬಂದ್ಮೇಲೆ ಜ್ವರ ಎಲ್ಲಿಂದ ಬರುತ್ತೋ?’ ಅಂದಿದ್ದರು ಅಮ್ಮ. ‘ಚಿಟ್ಟೆ ಆದ್ಮೇಲೆ ಆಯ್ತು. ಸೇರುತ್ತೆ, ಮೊಟ್ಟೆ ಇಡುತ್ತೆ, ಹೋಗುತ್ತೆ. ಅದಕ್ಕೆ ಬಾಯಿನೇ ಇರಲ್ಲ.’ ಬಾಯಿಯ ವಿಷಯ ನಿಜ. ರೇಷ್ಮೆ ಚಿಟ್ಟೆ ತಿನ್ನುವುದಿಲ್ಲ, ಮೇಫ್ಲೈಯೂ ತಿನ್ನುವುದಿಲ್ಲ. ಅದಕ್ಕೇ ಇನ್ನೊಂದು ಜ್ವರ ಅಂದರೆ ಅಮ್ಮನಿಗೆ ಅರ್ಥವಿಲ್ಲದ ಮಾತಾಗಿ ಕೇಳಿಸಿತ್ತು.

ಅವತ್ತು ಹಳ್ಳದಿಂದ ಬರುವಾಗ ತಟ್ಟೆಯಲ್ಲಿದ್ದ ಬೂದು ಹುಳುಗಳಲ್ಲಿ ಮೂರನ್ನು ಅಮ್ಮ ಬೇರೆ ಆರಿಸಿದರು. ಮೂರಕ್ಕೂ ಬೆನ್ನ ಮೇಲಿನ ಚೀಲ ಕಪ್ಪಗಾಗಿತ್ತು. ನಾನು ತೋರಿಸಿಕೊಡಲಿಲ್ಲ. ಹಳ್ಳದ ನೀರನ್ನೇ ಕ್ಯಾನಿನಲ್ಲಿ ತುಂಬಿಕೊಂಡು ಬಂದು, ಹುಳುಮನೆಯ ತಂಪು ಮೂಲೆಯಲ್ಲಿ ಬೇಸಿನ್ನಿಗೆ ಹಾಕಿದೆವು. ಒಂದು ಕಲ್ಲು, ನೀರಿನಿಂದ ಮೇಲೆ ಬರುವ ಹಾಗೆ ಒಂದು ಕಡ್ಡಿ. ಮೇಲೆ, ರೇಷ್ಮೆ ಹುಳುವಿಗೆ ಕಾಟ ಕೊಡುವ ಊಜಿ ನೊಣ ಬರದ ಹಾಗೆ ಕಟ್ಟುವ ನೈಲಾನ್ ಬಲೆ ಮುಚ್ಚಿದರು ಅಮ್ಮ. ಹುಳುಗಳಿಗೆ ರಾತ್ರಿ ಸೊಪ್ಪು ಹಾಕಲು ಬಂದಾಗಲೆಲ್ಲ ಟಾರ್ಚ್ ಹಿಡಿದು ಅಲ್ಲೂ ನೋಡುತ್ತಿದ್ದರು. ಎರಡು ಹುಳು ಸತ್ತವು. ನಿಂತ ನೀರು ಅವಕ್ಕೆ ಆಗಲಿಲ್ಲ. ಒಂದು ಮರುದಿನ ಸಂಜೆ ಆರರ ಹೊತ್ತಿಗೆ ನೀರಿನ ಮೇಲೆ ಬಂತು. ಬೆನ್ನು ಬಿರಿದದ್ದು ಕಾಣಲೇ ಇಲ್ಲ, ಅಷ್ಟು ಬೇಗ. ಖಾಲಿ ಚರ್ಮ ತೇಲುತ್ತಿತ್ತು, ಹುಳು ಬಲೆಗೆ ಅಂಟಿಕೊಂಡು ಕೂತಿತ್ತು. ಬೂದು ರೆಕ್ಕೆ ನೆಟ್ಟಗೆ. ಅಮ್ಮ ಅದನ್ನೇ ನೋಡುತ್ತಾ ನಿಂತರು. ಕೊನೆಗೆ, ‘ಆಯ್ತಲ್ಲ, ಇನ್ನು ಬಿಟ್ಬಿಡು’ ಅಂದರು. ಬೆಳಗಿನವರೆಗೆ ಇರಲಿ ಅಂದೆ.

ಬೆಳಿಗ್ಗೆ ಐದೂವರೆಗೆ ಅವರೇ ನನ್ನನ್ನು ಎಬ್ಬಿಸಿದರು. ಮೊದಲನೇ ಸೊಪ್ಪಿಗೆ ಎದ್ದಿದ್ದರು, ಸೆರಗಿನಲ್ಲಿ ಎಲೆಯ ಚೂರು ಇನ್ನೂ ಅಂಟಿತ್ತು. ಕೈ ಹಿಡಿದು ಹುಳುಮನೆಗೆ ಕರೆದುಕೊಂಡು ಹೋಗಿ ಟಾರ್ಚ್ ಬಿಟ್ಟರು. ಬಲೆಯ ಮೇಲೆ ರಾತ್ರಿ ಅದು ಕೂತಿದ್ದ ಜಾಗದಲ್ಲೇ ಒಂದು ಬೂದು ಪೊರೆ ಇತ್ತು. ಕಾಲು, ಬಾಲ, ರೆಕ್ಕೆಯ ಪೊರೆ ಕೂಡ, ಎಲ್ಲ ಹಾಗೇ. ಅದರಿಂದ ಎರಡು ಬೆರಳು ಮೇಲೆ ಹುಳು ಕೂತಿತ್ತು. ರೆಕ್ಕೆಯ ಆಚೆಗಿನ ನೈಲಾನ್ ಎಳೆಗಳನ್ನು ಎಣಿಸಬಹುದಿತ್ತು.

‘ಜ್ವರ ಎದ್ದಿದೆ’ ಅಂದರು ಅಮ್ಮ, ಮೆಲ್ಲಗೆ. ಹುಳು ಜ್ವರಕ್ಕೆ ಕೂತಾಗ ಆ ಮನೆಯಲ್ಲಿ ಮಾತಾಡುವ ದನಿಯಲ್ಲೇ. ಆಮೇಲೆ ಬಲೆಯ ಒಂದು ಮೂಲೆ ಎತ್ತಿದರು.